ಕಡಲ ಹುಳುವಿಗೆ ನಿವೇಶನ ಮಂಜೂರಾದ ಬಗ್ಗೆ

ಇವರಿಗೆ,
ಶ್ರೀಮತಿ ಹಾಲೊಬಾಟೀಸ್ ಸೆರಿಸಿಯಸ್,
ನಡುಗಡಲು, ಉತ್ತರ ಪೆಸಿಫಿಕ್.

ವಿಷಯ: ಮೊಟ್ಟೆ ಇಡಲು ಪ್ಲಾಸ್ಟಿಕ್ ನಿವೇಶನ ಒದಗಿಸಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ತಮ್ಮ ವಂಶದ ವಸತಿ ಸಮಸ್ಯೆಯನ್ನು ಮನುಷ್ಯಕುಲವು ತನಗೇ ಗೊತ್ತಿಲ್ಲದೆ ಬಗೆಹರಿಸಿದೆ. ಕೆರೆ ನೀರಿನ ಮೇಲೆ ಉದ್ದ ಕಾಲು ಚಾಚಿ ಜಾರಾಡುವ ಹುಳುಗಳ ಬಳಗದವರು ತಾವು. ಲಕ್ಷಾಂತರ ಕೀಟ ಪ್ರಭೇದಗಳ ಪೈಕಿ ತೆರೆದ ಸಾಗರದಲ್ಲೇ ಸಂಸಾರ ಹೂಡಿದವರೆಂದರೆ ತಾವು ಮತ್ತು ತಮ್ಮ ನಾಲ್ವರು ದಾಯಾದಿಗಳು, ಅದೂ ರೆಕ್ಕೆಯಿಲ್ಲದೆ. ಆದರೆ ಮೊಟ್ಟೆ ಅಂಟಿಸಲು ಗಟ್ಟಿಯಾದದ್ದು ಏನಾದರೂ ಬೇಕಲ್ಲ? ಹಿಂದೆಲ್ಲ ಹಕ್ಕಿಯ ಗರಿ, ಚಿಪ್ಪು, ತೇಲುವ ಜ್ವಾಲಾಮುಖಿ ಕಲ್ಲು ಹುಡುಕಿಕೊಂಡು ಅಲೆಯಬೇಕಿತ್ತು.

ಈಗ ಆ ತಾಪತ್ರಯವಿಲ್ಲ. ಕ್ಯಾಲಿಫೋರ್ನಿಯಾ ಮತ್ತು ಹವಾಯಿಯ ನಡುವೆ, ಪ್ರವಾಹಗಳು ಸುತ್ತಿ ಬರುವಲ್ಲಿ, ಸುಮಾರು 16 ಲಕ್ಷ ಚದರ ಕಿಲೋಮೀಟರ್ ಬಡಾವಣೆ ಸಿದ್ಧವಾಗಿದೆ. 2018ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಲ್ಲಿ ತೇಲುತ್ತಿರುವ ಪ್ಲಾಸ್ಟಿಕ್ ತುಣುಕುಗಳು 1.8 ಲಕ್ಷ ಕೋಟಿ. ನೂರಕ್ಕೆ 94 ತುಣುಕುಗಳು 5 ಮಿಲಿಮೀಟರಿಗಿಂತ ಚಿಕ್ಕವು. ತೂಕದಲ್ಲಿ ಮಾತ್ರ ಅವುಗಳ ಪಾಲು ನೂರಕ್ಕೆ ಎಂಟೇ. (ಹಡಗಿನಲ್ಲಿ ಹೋದವರಿಗೆ ಅಲ್ಲಿ ದ್ವೀಪವೇನೂ ಕಾಣುವುದಿಲ್ಲ. ಕಂಡಿದ್ದರೆ ಇಷ್ಟರಲ್ಲಿ ಯಾರಾದರೂ ಬಾವುಟ ನೆಟ್ಟು ಕಂದಾಯ ವಸೂಲಿಗೆ ಇಳಿದಿರುತ್ತಿದ್ದರು.)

ಕಾಮಗಾರಿಗೆ ಟೆಂಡರ್ ಕರೆದಿಲ್ಲ. ಡಬ್ಬಿ, ಬಲೆ, ಮುಚ್ಚಳಗಳನ್ನು ಬಿಸಿಲು ಪೆಡಸಾಗಿಸುತ್ತದೆ, ಅಲೆ ಮುರಿಯುತ್ತದೆ. ಒಂದು ನಿವೇಶನ ತಾನಾಗಿ ನೂರಾಗುತ್ತದೆ.

ಫಲಾನುಭವಿಗಳ ಸಮೀಕ್ಷೆಯೂ ಆಗಿದೆ. 1970ರ ದಶಕದಿಂದೀಚೆಗೆ ತಮ್ಮ ಸೀಮೆಯಲ್ಲಿ ಪ್ಲಾಸ್ಟಿಕ್ ಕಣಗಳು ಸುಮಾರು ನೂರು ಪಟ್ಟು ಹೆಚ್ಚಿವೆ, ಕಣ ಹೆಚ್ಚಿದಲ್ಲಿ ತಮ್ಮ ಮೊಟ್ಟೆಗಳೂ ಹೆಚ್ಚಿವೆ ಎಂದು 2012ರ ಅಧ್ಯಯನವೊಂದು ಹೇಳಿದೆ. ಪೂರ್ವ ಪೆಸಿಫಿಕ್‌ನ ತಮ್ಮ ದಾಯಾದಿಗಳಂತೂ ತೇಲುತ್ತಿದ್ದ ಒಂದೇ ಪ್ಲಾಸ್ಟಿಕ್ ಕ್ಯಾನಿನ ಮೇಲೆ ಸುಮಾರು 70,000 ಮೊಟ್ಟೆಗಳನ್ನು ಪದರದ ಮೇಲೆ ಪದರ, 15 ಪದರ ಇಟ್ಟಿದ್ದರು. ಅಪಾರ್ಟ್‌ಮೆಂಟ್ ಸಂಸ್ಕೃತಿ ಅಲ್ಲಿಗೂ ತಲುಪಿತೆಂದು ಹೆಮ್ಮೆಪಡೋಣ.

ಒಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಬಡಾವಣೆಗೆ ಪಡಿತರ ಅಂಗಡಿ ಮಂಜೂರಾಗಿಲ್ಲ. ಮೊಟ್ಟೆಯೊಡೆದು ಬಂದವರೆಲ್ಲ ಹೀರಬೇಕಾದದ್ದು ಅದೇ ಪ್ಲವಕ ಜೀವಿಗಳನ್ನು, ಅದೇ ಮೀನಿನ ಮೊಟ್ಟೆಗಳನ್ನು. ಪ್ಲಾಸ್ಟಿಕ್ ಹೆಚ್ಚಿತೆಂದು ಅವು ಹೆಚ್ಚುವುದಿಲ್ಲ. ತೇಲುವ ವಸ್ತುಗಳಿಗೆ ಅಂಟಿಕೊಂಡು ಬದುಕುವ ಚಿಪ್ಪಿನ ಜೀವಿಗಳಾದ ನೆರೆಯ ಬಾರ್ನಕಲ್‌ಗಳು ಇನ್ನೂ ಮುಂದೆ ಹೋಗಿವೆ. 385 ಬಾರ್ನಕಲ್‌ಗಳ ಹೊಟ್ಟೆ ಸೀಳಿ ನೋಡಿದರೆ ಮೂರರಲ್ಲಿ ಒಂದು ಪ್ಲಾಸ್ಟಿಕ್ ನುಂಗಿತ್ತು.

ಹಕ್ಕುಪತ್ರ ಕೇಳಬೇಡಿ, ನಡುಗಡಲು ಯಾವ ದೇಶದ ಸ್ವತ್ತೂ ಅಲ್ಲ, ಹಾಗಾಗಿ ಅಲ್ಲಿನ ಕಸವೂ ಯಾರದೂ ಅಲ್ಲ. ತೆರವು ಕಾರ್ಯಾಚರಣೆಯ ಭಯವೂ ಬೇಡ. ಬಲೆ ಹಿಡಿದು ಬರುವವರಿಗೆ ಸಿಗುವುದು ದೊಡ್ಡ ತುಂಡುಗಳು. ತಮ್ಮ ಮನೆ ಆ ಬಲೆಯ ಕಣ್ಣಿನಲ್ಲೇ ನುಸುಳುತ್ತದೆ. 2024ರ ಕೊನೆಯೊಳಗೆ ಪ್ಲಾಸ್ಟಿಕ್ ಒಪ್ಪಂದ ಮುಗಿಸುವುದೆಂದು 2022ರಲ್ಲಿ ನೈರೋಬಿಯಲ್ಲಿ ತೀರ್ಮಾನವಾಗಿದ್ದು ನಿಜ. ಆ ಮಾತುಕತೆಗೆ ಬುಸಾನ್‌ನಲ್ಲಿ ಸೇರಿದಾಗ ನೂರಕ್ಕೂ ಹೆಚ್ಚು ದೇಶಗಳು ಉತ್ಪಾದನೆಗೇ ಕಡಿವಾಣ ಬೇಕೆಂದವು. ತೈಲ ಮಾರುವ ದೇಶಗಳು ಕಸ ಗುಡಿಸಿದರೆ ಸಾಕೆಂದವು. ಒಪ್ಪಂದವಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮತ್ತೆ ಕೂತರು, ಮತ್ತೆ ಎದ್ದರು. ಆದ್ದರಿಂದ ತಾವು ನಿಶ್ಚಿಂತೆಯಿಂದ ಮೊಟ್ಟೆ ಇಡುವುದು.

ತಮ್ಮ ವಿಶ್ವಾಸಿ,
ಮನುಷ್ಯಕುಲದ ಪರವಾಗಿ

ಪ್ರತಿ: ನೆರೆಯ ಬಾರ್ನಕಲ್‌ಗಳ ಮಾಹಿತಿಗಾಗಿ (ದಯವಿಟ್ಟು ಈ ಪತ್ರವನ್ನು ತಿನ್ನಬಾರದು), ಕಚೇರಿ ಕಡತಕ್ಕೆ.