ಪಾದಮೀಮಾಂಸೆ, ಅಥವಾ ನೊರೆನೀರಿನ ಕನೂವಿನಲ್ಲಿ ಕಾಲಿಡುವ ಶಾಸ್ತ್ರ

ಗ್ರಂಥಕರ್ತನಾದವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ, ಆಮೇಲೆ ಮುಂದಕ್ಕೆ ಹೆಜ್ಜೆ ಇಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದಲ್ಲಿ ಹೆಜ್ಜೆ ಇಡುವುದೇ ಕಷ್ಟ, ಕಾಲು ಜೋಮು ಹಿಡಿದಿರುತ್ತದೆ. ಆದರೂ ಕಟ್ಟಳೆ ಮೀರುವಂತಿಲ್ಲ. ವಿಷಯ: ನೊರೆನೀರಿನಲ್ಲಿ, ಅಂದರೆ ಬಂಡೆಗಳ ನಡುವಿನ ರಭಸದ ಹೊಳೆಯಲ್ಲಿ, ಕನೂ ಎಂಬ ದೋಣಿಯೊಳಗೆ ಮಂಡಿಯೂರಿದ ಮನುಷ್ಯನ ಎರಡು ಪಾದಗಳು. ಪ್ರಯೋಜನ: ದಡ ಸೇರಿದ ಮೇಲೂ ಅವು ಅವನ ಮಾತು ಕೇಳುವುದು. ಸಂಬಂಧ: ಫೋಮು, ಅಂಟು, ಪಟ್ಟಿ, ಗೂಟ. ಅಧಿಕಾರಿ: ಬಗ್ಗುವ ಮಂಡಿಯುಳ್ಳವನು. ಮಂಡಿ ಬಗ್ಗದವನು ಕಯಾಕಿಗೆ ಅಧಿಕಾರಿಯಾಗಬಹುದು, ಈ ಗ್ರಂಥಕ್ಕಲ್ಲ.

ಪಾದದ ಬಗ್ಗೆ ನಮ್ಮಲ್ಲಿ ಬರವಣಿಗೆಗೇನೂ ಬರವಿಲ್ಲ. ದಾಸರು ಪಾದ ಹಿಡಿದರು, ಭರತ ಪಾದುಕೆಯನ್ನು ಪಟ್ಟದಲ್ಲಿಟ್ಟು ರಾಜ್ಯವಾಳಿದ. ದೋಣಿಯವನು ರಾಮನ ಪಾದ ತೊಳೆದೇ ಹತ್ತಿಸಿಕೊಂಡ ಪ್ರಸಂಗ ಹರಿಕಥೆ ಕೇಳಿದವರಿಗೆಲ್ಲ ಗೊತ್ತು. ಹತ್ತಿದ ಮೇಲೆ ರಾಮ ಆ ಪಾದಗಳನ್ನು ಎಲ್ಲಿಟ್ಟ, ಮಡಚಿಟ್ಟನೋ ಚಾಚಿಟ್ಟನೋ ಎಂಬ ಬಗ್ಗೆ ಮಾತ್ರ ಹರಿದಾಸರು ತುಟಿ ಬಿಚ್ಚುವುದಿಲ್ಲ. ಈ ಘೋರ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ ಹೊರಟಿದೆ.

ಪ್ರಥಮಾಧ್ಯಾಯ: ಆಸನನಿರ್ಣಯ

ಸೂತ್ರ: ಕೂತವನು ಪ್ರಯಾಣಿಕ, ಮಂಡಿಯೂರಿದವನು ನಾವಿಕ.

ಭಾಷ್ಯ: ಕೆರೆಯಂಥ ನೀರಿನಲ್ಲಿ ಕನೂವಿನ ಅಡ್ಡಪಟ್ಟಿಯ ಮೇಲೆ ಕೂತು ಹುಟ್ಟು ಹಾಕಬಹುದು, ಯಾರ ಆಕ್ಷೇಪವೂ ಇಲ್ಲ. ನೊರೆನೀರಿನಲ್ಲಿ ಹಾಗೆ ಕೂತರೆ ದೇಹದ ಭಾರವೆಲ್ಲ ಮೇಲಕ್ಕೆ ಹೋಗುತ್ತದೆ. ಆಮೇಲೆ ಮನುಷ್ಯನೇ ನೀರಿಗೆ ಹೋಗುತ್ತಾನೆ. ಆದ್ದರಿಂದ ನಡುವೆ ಒಂದು ಫೋಮಿನ ಸ್ಯಾಡಲ್ ಕೂರಿಸಿ, ಕುದುರೆ ಏರಿದವನಂತೆ ಅದರ ಮೇಲೆ ಕೂತು, ಮಂಡಿಗಳನ್ನು ಅಗಲಿಸಿ ದೋಣಿಯ ಎರಡೂ ಅಂಚಿಗೆ ಊರಬೇಕು. ಪೃಷ್ಠ ಒಂದು, ಮಂಡಿ ಎರಡು, ಒಟ್ಟು ಮೂರು ಆಧಾರ. ಎಡ ಮಂಡಿ ಒತ್ತಿದರೆ ದೋಣಿ ಎಡಕ್ಕೆ ವಾಲುತ್ತದೆ, ಬಲ ಮಂಡಿ ಒತ್ತಿದರೆ ಬಲಕ್ಕೆ. ಮೇಲಿನ ದೇಹ ನೆಟ್ಟಗೇ ಇರುತ್ತದೆ. ಹುಟ್ಟು ಹಿಡಿದ ಕೈಗೆ ಲೋಕದ ಹೊಗಳಿಕೆ ಸಂದರೂ ದೋಣಿಯ ಜೊತೆ ಮಾತುಕತೆ ನಡೆಸುವುದು ಮಂಡಿಯೇ.

ಇದು ವಜ್ರಾಸನವೇ ಅಲ್ಲವೇ ಎಂದು ಯೋಗಪಟುಗಳು ಕೇಳಬಹುದು. ಹೌದು, ಸಣ್ಣ ವ್ಯತ್ಯಾಸಗಳಿವೆ. ವಜ್ರಾಸನದಲ್ಲಿ ಹಿಮ್ಮಡಿಯೇ ಪೀಠ, ಮಂಡಿಗಳು ಜೊತೆಯಲ್ಲಿ, ನೆಲ ಸ್ಥಿರ, ಬೇಡವೆನಿಸಿದಾಗ ಏಳಬಹುದು. ಕನೂವಿನಲ್ಲಿ ಈ ನಾಲ್ಕೂ ಇಲ್ಲ.

ದ್ವಿತೀಯಾಧ್ಯಾಯ: ಪೂರ್ವಪಕ್ಷಖಂಡನ

ಪೂರ್ವಪಕ್ಷ: ಕಾಲು ಚಾಚಿ ಕೂರುವ ಕಯಾಕ್ ಇರುವಾಗ ಮಂಡಿ ನೋಯಿಸಿಕೊಳ್ಳುವುದೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲವೇ?

ಸಿದ್ಧಾಂತ: ಆ ಗಾದೆ ಕನೂವಿಗೆ ಸಲ್ಲದು, ಅಲ್ಲಿ ಚಾಚಲು ಹಾಸಿಗೆಯೂ ಇಲ್ಲ, ಜಾಗವೂ ಇಲ್ಲ. ಕಯಾಕಿನವನು ಕೂರುತ್ತಾನೆ, ಎರಡು ತುದಿಯ ಹುಟ್ಟು ಹಿಡಿಯುತ್ತಾನೆ. ಕನೂವಿನವನು ಮಂಡಿಯೂರುತ್ತಾನೆ, ಒಂದು ತುದಿಯ ಹುಟ್ಟು ಹಿಡಿಯುತ್ತಾನೆ. ಇದು ಒಲಿಂಪಿಕ್ಸ್ ಕೂಡ ಒಪ್ಪಿದ ಭೇದ. ನೊರೆನೀರಿನ ಸ್ಲಾಲಂ ಸ್ಪರ್ಧೆ 1972ರ ಮ್ಯೂನಿಕ್ ಕೂಟದಲ್ಲಿ ಆಗ್ಸ್‌ಬರ್ಗಿನ ಕಾಲುವೆಯಲ್ಲಿ ಮೊದಲು ನಡೆದು, ಆಮೇಲೆ 1992ರವರೆಗೆ ನಾಪತ್ತೆಯಾಗಿತ್ತು. ಇಪ್ಪತ್ತು ವರ್ಷಗಳ ಈ ಬಿಡುವನ್ನು ಚರಿತ್ರಕಾರರು ಬೇರೆ ಬೇರೆ ಕಾರಣಗಳಿಂದ ವಿವರಿಸಿಯಾರು. ಆಟಗಾರರ ಕಾಲಿನ ಜೋಮು ಬಿಡಲು ಅಷ್ಟು ಕಾಲ ಹಿಡಿಯಿತೆಂಬುದು ನಮ್ಮ ವಿನಮ್ರ ಮತ. ಮಂಡಿಯೂರುವ ಒಂಟಿ ಕನೂ ಸ್ಪರ್ಧೆ ಮಹಿಳೆಯರಿಗೆ ದಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿಯವರೆಗೆ ಒಲಿಂಪಿಕ್ಸಿನಲ್ಲಿ ಜೋಮು ಪುರುಷರ ಏಕಸ್ವಾಮ್ಯವಾಗಿತ್ತು.

ಆ ಮೊದಲ ಚಿನ್ನ ಗೆದ್ದವರು ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್. 2024ರ ಪ್ಯಾರಿಸ್ ಕೂಟದಲ್ಲಿ ಅವರು ಕಯಾಕಿನಲ್ಲಿ ಕೂತು ಚಿನ್ನ ಗೆದ್ದರು, ಮೂರು ದಿನ ಬಿಟ್ಟು ಕನೂವಿನಲ್ಲಿ ಮಂಡಿಯೂರಿ ಇನ್ನೊಂದು ಚಿನ್ನ ಗೆದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆಂಬ ಲೋಕೋಕ್ತಿ ಅಂದಿಗೆ ಸಂದೇಹಾಸ್ಪದವಾಯಿತು. ಅದೇ ಕೂಟದ ಸಂಘಟನಾ ಸಮಿತಿಯ ಅಧ್ಯಕ್ಷರಾಗಿದ್ದ ಟೋನಿ ಎಸ್ಟಾಂಗೆ 2000, 2004 ಮತ್ತು 2012ರಲ್ಲಿ ಮಂಡಿಯೂರಿಯೇ ಮೂರು ಚಿನ್ನ ತಂದ ಫ್ರೆಂಚ್ ಕನೂಪಟು. ಅಷ್ಟು ವರ್ಷ ಮಂಡಿ ಸವೆಸಿದವರಿಗೆ ದೇಶವೊಂದು ಕೊನೆಗೆ ಒರಗುವ ಕುರ್ಚಿ ಕೊಟ್ಟಿತೆಂದೇ ನಾವು ಇದನ್ನು ಓದಿಕೊಳ್ಳಬೇಕು.

ತೃತೀಯಾಧ್ಯಾಯ: ಪಾದಭೇದ

ಮಂಡಿಗಳ ಜಾಗ ನಿರ್ಣಯವಾಯಿತು. ಅವುಗಳ ಹಿಂದೆ ಎಳೆದುಕೊಂಡು ಬಂದ ಪಾದಗಳನ್ನು ಏನು ಮಾಡುವುದು? ಇಲ್ಲಿ ಮೂರು ಪಂಥಗಳಿವೆ.

ಒಂದು, ಚಪ್ಪಟೆ ಪಂಥ. ಮೇಗಾಲನ್ನು ದೋಣಿಯ ತಳಕ್ಕೆ ಒತ್ತಿ ಮಲಗಿಸಿ ಅಂಗಾಲನ್ನು ಆಕಾಶಕ್ಕೆ ತೋರಿಸುವುದು. ನೋಡಲು ಶಾಂತ. ಆದರೆ ಪಾದದ ಹರಡು ಪೂರ್ತಿ ಹಿಂದಕ್ಕೆ ಚಾಚಿಕೊಂಡು, ಅರ್ಧ ಗಂಟೆಯಲ್ಲಿ ತಾನಿದ್ದೇನೆಂದು ಕೂಗಿ ಹೇಳುತ್ತದೆ.

ಎರಡು, ಮಡಚು ಪಂಥ. ಕಾಲ್ಬೆರಳುಗಳನ್ನು ಬಗ್ಗಿಸಿ ತಳಕ್ಕೆ ಊರಿ ಹಿಮ್ಮಡಿ ಎತ್ತುವುದು, ಓಟದ ಸ್ಪರ್ಧೆಯಲ್ಲಿ ಸೀಟಿ ಕಾಯುವವರ ಭಂಗಿ. ಹರಡಿಗೆ ಸುಖ, ಬೆರಳಿಗೆ ದುಃಖ.

ಮೂರು, ಹೊರಳು ಪಂಥ. ಪಾದವನ್ನು ಪಕ್ಕಕ್ಕೆ ಮಲಗಿಸುವುದು. ಇದನ್ನು ಸಿದ್ಧಾಂತ ಎನ್ನುವುದಕ್ಕಿಂತ ಮೊದಲಿನ ಎರಡರಿಂದ ಓಡಿ ಬಂದವರ ನಿರಾಶ್ರಿತ ಶಿಬಿರ ಎನ್ನುವುದು ಮೇಲು.

ಮೂರೂ ಪಂಥದವರದು ಗೂಟದ ವಿಷಯದಲ್ಲಿ ಮಾತ್ರ ಐಕಮತ್ಯ. ಪಾದದ ಹಿಂದೆ, ಮುಂಗಾಲಿಗೆ ಸಿಕ್ಕುವಂತೆ, ಹಿಂದೆ ಮುಂದೆ ಸರಿಸಬಲ್ಲ ಒಂದು ಗೂಟ ಇರಬೇಕು. ಅದನ್ನು ಒದ್ದರೆ ಮಂಡಿ ಮುಂದಕ್ಕೆ ಒತ್ತಿಕೊಂಡು ತೊಡೆಯ ಮೇಲಿನ ಪಟ್ಟಿ ಬಿಗಿಯುತ್ತದೆ. ಆಗ ಸವಾರನೂ ದೋಣಿಯೂ ಒಂದೇ ದೇಹ. ಗೂಟ ತೀರ ಹತ್ತಿರವಾದರೆ ಜೋಮು ಬೇಗ, ತೀರ ದೂರವಾದರೆ ದೋಣಿ ಒಂದು ದಾರಿ, ತಾನೊಂದು ದಾರಿ. ಅದ್ವೈತಕ್ಕೂ ದ್ವೈತಕ್ಕೂ ನಡುವಿನ ಅಂತರ ಇಲ್ಲಿ ಒಂದು ಇಂಚು.

ಇನ್ನು ಜೋಮಿನ ಮೂಲ. ರಕ್ತ ನಿಂತದ್ದೇ ಕಾರಣವೆಂಬುದು ಲೋಕರೂಢಿ. ನರ ಅದುಮಿದ್ದೇ ಹೆಚ್ಚಿನ ಕಾರಣವೆಂಬುದು ವೈದ್ಯಶಾಸ್ತ್ರ. ಪೆರೋನಿಯಲ್ ಎಂಬ ನರ ಮಂಡಿಯ ಹೊರಬದಿಯಲ್ಲಿ, ಮೂಳೆಗೆ ಒತ್ತಿಕೊಂಡು, ಚರ್ಮದ ಕೆಳಗೇ ಹಾದು ಹೋಗುತ್ತದೆ. ಮಂಡಿಗೆ ಕೊಟ್ಟ ಒತ್ತು ಅಲ್ಲಿ ಅದುಮಿದರೆ ಮರಗಟ್ಟುವುದು ಮೇಗಾಲು. ತಪ್ಪು ಮಂಡಿಯ ಮನೆಯದು, ಶಿಕ್ಷೆ ಪಾದಕ್ಕೆ. ಆದ್ದರಿಂದ ಪಾದ ಅತ್ತಾಗ ಮೊದಲು ಮಂಡಿಯನ್ನು ವಿಚಾರಣೆಗೆ ಕರೆಯತಕ್ಕದ್ದು.

ಚತುರ್ಥಾಧ್ಯಾಯ: ಪೀಠ ಮತ್ತು ಅಂಟು

ಸ್ಯಾಡಲ್ ಎತ್ತರ ಎಷ್ಟಿರಬೇಕು? 7ರಿಂದ 8 ಇಂಚು ವಾಡಿಕೆ, ಕಾಲು ಉದ್ದವಿದ್ದವರು ಇನ್ನೂ ಏರುವುದುಂಟು. ಎತ್ತರ ಹೆಚ್ಚಿದಷ್ಟೂ ಮಂಡಿಗೆ, ಹರಡಿಗೆ ಆರಾಮ, ದೋಣಿಗೆ ತಲೆಸುತ್ತು. ತಗ್ಗಿದಷ್ಟೂ ದೋಣಿಗೆ ನೆಮ್ಮದಿ, ಕಾಲಿಗೆ ಕಾರಾಗೃಹ. ಸುಖದ ಒಂದು ಇಂಚನ್ನು ಸ್ಥಿರತೆಯ ಖಜಾನೆಯಿಂದಲೇ ಕದಿಯಬೇಕು, ಬೇರೆ ಖಜಾನೆ ಇಲ್ಲ. ಇದೊಂದು ವಾಕ್ಯಕ್ಕಾಗಿಯಾದರೂ ನಮಗೆ ಗೌರವ ಡಾಕ್ಟರೇಟ್ ಸಲ್ಲಬೇಕು.

ಪೀಠಕ್ಕೂ ಮಂಡಿಯ ಬಟ್ಟಲಿಗೂ ನೀರು ಹೀರದ ದಟ್ಟ ಫೋಮೇ ಆಗಬೇಕು. ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ, ಮಂಡಿ ಇಟ್ಟು ನೋಡಿ, ಮತ್ತೆ ಉಜ್ಜಬೇಕು. ಹರಡಿನ ಕೆಳಗೆ ಒಂದು ಫೋಮಿನ ಉರುಳೆ ಇಟ್ಟರೆ ಚಪ್ಪಟೆ ಪಂಥದವರೂ ಕಣ್ಣೀರಿಲ್ಲದೆ ಬದುಕಬಹುದು. ಇಷ್ಟೆಲ್ಲ ಮಾಡುವಾಗ ಮನೆಯ ನೆಲದ ಮೇಲೆ ಕಪ್ಪು ಪುಡಿ ಬೀಳುತ್ತದೆ. ಅದನ್ನು ಗುಡಿಸುವ ವಿಧಿ ಗೃಹಸ್ಥಾಶ್ರಮಕ್ಕೆ ಸೇರಿದ್ದು, ಇಲ್ಲಿ ವಿಸ್ತರಿಸುವುದಿಲ್ಲ.

ಅಂಟಿಸುವ ವಿಧಿ ಕಠೋರ. ಚಪ್ಪಲಿ ರಿಪೇರಿಯವರು ಬಳಸುವಂಥ ಗಾಢ ವಾಸನೆಯ ಅಂಟನ್ನು ಗಾಳಿಯಾಡುವ ಕಡೆ ಕೂತು, ಫೋಮಿಗೂ ದೋಣಿಗೂ ಎರಡು ಕಡೆಯೂ ಬಳಿಯಬೇಕು. ಬೆರಳಿಟ್ಟರೆ ಅಂಟಿಯೂ ಅಂಟದಂತಾಗುವವರೆಗೆ ಕಾಯಬೇಕು. ಆಮೇಲೆ ಒಮ್ಮೆ ತಾಗಿಸಿದರೆ ಮುಗಿಯಿತು, ಸರಿಸಲಾಗದು. ಅರ್ಧ ಇಂಚು ಆಚೀಚೆ ಕೂತರೆ ಆ ಅರ್ಧ ಇಂಚೇ ದೋಣಿ ಇರುವವರೆಗಿನ ಹಣೆಬರಹ. ಆದ್ದರಿಂದ ಅಂಟಿನ ಡಬ್ಬಿ ತೆರೆಯುವ ಮುಂಚೆ, ಒಣನೆಲದಲ್ಲೇ ದೋಣಿಯೊಳಗೆ ಮಂಡಿಯೂರಿ, ಹೊಳೆಯಲ್ಲಿ ಹಾಕುವ ಬೂಟನ್ನೇ ಹಾಕಿಕೊಂಡು ಅರ್ಧ ಗಂಟೆ ಕೂರಬೇಕು. ನೆರೆಹೊರೆಯವರು ಬಂದು ನೋಡಿ ಹೋಗಲಿ.

ರಾಯಲೆಕ್ಸ್ ಎಂಬ ಪದರಪ್ಲಾಸ್ಟಿಕ್ಕಿನ ದೋಣಿಗಳು ಈ ಅಂಟಿಗೆ ಒಲಿಯುತ್ತಿದ್ದವು. ಆ ವಸ್ತುವಿನ ತಯಾರಿ 2014ರಲ್ಲಿ ನಿಂತಿತು, ಹಳೆಯ ರಾಯಲೆಕ್ಸ್ ಕನೂಗಳನ್ನು ಜನ ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡುತ್ತಾರೆ. ಪಾಲಿಥಿಲೀನ್ ದೋಣಿಗೆ ಅಂಟು ಕಚ್ಚುವುದು ಕಷ್ಟ, ಅಲ್ಲಿ ಬೋಲ್ಟೇ ಬ್ರಹ್ಮ.

ಪಂಚಮಾಧ್ಯಾಯ: ಯಾತನಾಶ್ರೇಣಿ

ಹೊಳೆಯ ಕಷ್ಟವನ್ನು ಅಳೆಯಲು 1ರಿಂದ 6ರವರೆಗೆ ಅಂತರರಾಷ್ಟ್ರೀಯ ದರ್ಜೆಗಳಿವೆ. ಪಾದದ ಕಷ್ಟಕ್ಕೆ ಅಂಥದ್ದಿಲ್ಲದಿರುವುದು ವಿದ್ವತ್ತಿಗೇ ಅವಮಾನವೆಂದು ನಾವು ಹೀಗೆ ವಿಧಿಸುತ್ತೇವೆ. ದರ್ಜೆ 1: ಪಾದಗಳಿವೆ ಎಂಬ ಅರಿವಿಲ್ಲ. 2: ಬೂಟಿನೊಳಗೆ ಚುಮುಚುಮು. 3: ಮೇಗಾಲಿನ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದು. 4: ಜೊತೆಗಾರರೊಡನೆ ಮಾತು ನಿಲ್ಲುತ್ತದೆ. 5: ಪಾದಗಳಿಲ್ಲ ಎಂಬ ಅರಿವಿದೆ. 6: ದಡಕ್ಕಿಳಿದು ಎದ್ದು ನಿಂತಾಗ ಅವು ಮರಳಿ ಬರುತ್ತವೆ.

ಎರಡೂ ಶ್ರೇಣಿಗಳನ್ನು ಪಕ್ಕದಲ್ಲಿಟ್ಟರೆ ಒಂದು ವ್ಯಸ್ತ ನಿಯಮ ಕಾಣುತ್ತದೆ. ಹೊಳೆ 4ನೇ ದರ್ಜೆಗೆ ಏರಿದಾಗ ಪಾದ 1ಕ್ಕೆ ಇಳಿಯುತ್ತದೆ, ಬಂಡೆಗಳ ನಡುವೆ ಯಾರಿಗೂ ಕಾಲಿನ ಚಿಂತೆ ಇರುವುದಿಲ್ಲ. ನೀರು ಕೆಳಗೆ ಮಡುವಾಗಿ ನಿಂತ ಕೂಡಲೇ ಪಾದ ಅರ್ಜಿ ಹಿಡಿದು ಹಾಜರು. ಪರಿಹಾರ ಸುಲಭ: ಮಡುವಿನಲ್ಲಿ ಪಟ್ಟಿ ಸಡಿಲಿಸಿ, ಸ್ಯಾಡಲ್ ಮೇಲೇ ಕೂತು ಕಾಲು ಮುಂದಕ್ಕೆ ಚಾಚಬೇಕು.

ಉದಾಹರಣೆಗೆ ಅಮೆರಿಕದ ನಾರ್ತ್ ಕೆರೊಲಿನಾದ ನಾಂಟಹೇಲಾ ಹೊಳೆ. ವಿದ್ಯುತ್ ಕೇಂದ್ರದಿಂದ ಬಿಡುವ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗೆ, ಹಾದಿ ಸುಮಾರು 8 ಮೈಲಿ, ಬಹುಪಾಲು 2ನೇ ದರ್ಜೆ. ವಿಧಿಯ ಆಟ ನೋಡಿ, ದೊಡ್ಡ ಇಳಿತವಾದ ನಾಂಟಹೇಲಾ ಫಾಲ್ಸ್ ಇರುವುದು ಕೊನೆಯಲ್ಲಿ, ಪಾದಗಳು ಸತ್ತ ಮೇಲೆ. ಅದಕ್ಕೆ ಮುಂಚೆ ದಡ ಹತ್ತಿ ನೀರನ್ನು ಪರಿಶೀಲಿಸುವ ಪದ್ಧತಿ ಇದೆ. ಪರಿಶೀಲಿಸುವವರನ್ನು ಪರಿಶೀಲಿಸಿ: ಹುಬ್ಬು ಗಂಟಿಕ್ಕಿ ನೀರು ದಿಟ್ಟಿಸುತ್ತಾರೆ, ಗಂಭೀರವಾಗಿ ತಲೆಯಾಡಿಸುತ್ತಾರೆ, ಮತ್ತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇರುತ್ತಾರೆ.

ಷಷ್ಠಾಧ್ಯಾಯ: ಬಂಧಮೋಕ್ಷವಿಚಾರ

ಸೂತ್ರ: ಹಿಡಿದುಕೊಳ್ಳಲಿ, ಹಿಡಿದಿಟ್ಟುಕೊಳ್ಳದಿರಲಿ.

ಭಾಷ್ಯ: ಇಲ್ಲಿ ಹಾಸ್ಯ ಸ್ವಲ್ಪ ಬದಿಗಿರಲಿ. ಇದುವರೆಗಿನ ಐದು ಅಧ್ಯಾಯಗಳೂ ಬಿಗಿಯುವ ವಿದ್ಯೆ. ದೋಣಿ ಮಗುಚಿದಾಗ ಬೇಕಾದದ್ದು ಬಿಚ್ಚಿಕೊಳ್ಳುವ ವಿದ್ಯೆ. ತಲೆ ಕೆಳಗಾಗಿ, ಕಣ್ಣು ಕಾಣದೆ, ಒಂದೇ ಕೈಯಲ್ಲಿ ಎಳೆದರೂ ಪಟ್ಟಿ ಕಳಚಬೇಕು, ಮಂಡಿಗಳನ್ನು ಒಳಕ್ಕೆ ತಂದರೆ ದೇಹ ಜಾರಿ ಹೊರಬರಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ಪಾದದ್ದೇ. ತಗ್ಗು ಅಡ್ಡಪಟ್ಟಿಯ ಕೆಳಗೆ ದಪ್ಪ ಬೂಟು ತೂರಿಸಿ ಇಟ್ಟರೆ, ತೂರಿದ ಸುಲಭದಲ್ಲಿ ಅದು ವಾಪಸು ಬರುವುದಿಲ್ಲ. ಅದಕ್ಕೇ ತೆಳು ಅಟ್ಟೆಯ, ಉದ್ದ ದಾರ ನೇತಾಡದ ಬೂಟು ಶಾಸ್ತ್ರಸಮ್ಮತ. ಅದು ಅಡ್ಡಪಟ್ಟಿಯ ಕೆಳಗಿಂದ ಸರಾಗ ಜಾರುತ್ತದೆಯೇ ಎಂದು ದಡದಲ್ಲೇ ನೋಡಿರಬೇಕು. ಎಷ್ಟೇ ಆರಾಮ ಕೊಡಲಿ, ಜಾರಿ ಬರಲು ಬಿಡದ ಒತ್ತು ಒತ್ತಲ್ಲ, ಬೋನು.

ಹೊರಬಿದ್ದ ಮೇಲೂ ಪಾದಕ್ಕೆ ರಜೆ ಇಲ್ಲ. ಬೆನ್ನ ಮೇಲೆ ತೇಲುತ್ತ, ಪಾದಗಳನ್ನು ಮೇಲೆತ್ತಿ, ಹೊಳೆ ಹರಿಯುವ ಕಡೆಗೆ ಚಾಚಬೇಕು. ರಭಸದ ನೀರಿನಲ್ಲಿ ಎದ್ದು ನಿಲ್ಲಬಾರದು, ಬಂಡೆಗಳ ಸಂದಿಗೆ ಪಾದ ಸಿಕ್ಕಿದರೆ ನೀರು ಮೇಲಿನಿಂದ ಮಲಗಿಸಿಬಿಡುತ್ತದೆ. ಬೆಳಗಿನಿಂದ ಚಾಚಬೇಕು, ನಿಲ್ಲಬೇಕು ಎಂದು ಗೋಗರೆದ ಪಾದಗಳಿಗೆ ಚಾಚಲು ಕೊನೆಗೂ ಅಪ್ಪಣೆ ಸಿಕ್ಕಿತು, ನಿಲ್ಲಲು ಸಿಗಲಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಪಠಿಸಿದವರಿಗೆ ಸ್ಯಾಡಲ್ ನೆಟ್ಟಗೆ ಕೂರುವುದು, ಗೂಟ ಅಳತೆಗೆ ಸಿಕ್ಕುವುದು, ಅಂಟು ಮೊದಲ ಸಲವೇ ಸರಿಯಾದ ಜಾಗದಲ್ಲಿ ಹತ್ತುವುದು. ಮಂಡಿಯೂರಿಕೊಂಡೇ ಪಠಿಸಿದವರಿಗೆ ಇಷ್ಟೂ ದೊರೆತು, ಈಗ ಎದ್ದೇಳಲು ಪಕ್ಕದವರ ಕೈಯೂ ಬೇಕಾಗುವುದು. ಕೂಡಲೇ ನಡೆಯಲು ಹೋಗಬೇಡಿ, ದರ್ಜೆ 6 ಇನ್ನೂ ಬಾಕಿ ಇದೆ.