ಹಳೆಯ ಕಾರಿನ ಜಾತಕ

ಬೆಳಿಗ್ಗೆ ಹುಣಸೂರಿನ ಹೊಗೆಸೊಪ್ಪಿನ ಹರಾಜುಕಟ್ಟೆಯನ್ನೂ, ಮಧ್ಯಾಹ್ನ ಪಿರಿಯಾಪಟ್ಟಣದ ಸೊಪ್ಪು ಹದಮಾಡುವ ಬ್ಯಾರನ್ನುಗಳನ್ನೂ, ಸಂಜೆ ಕೃಷ್ಣರಾಜನಗರದ ಅಕ್ಕಿ ಗಿರಣಿಗಳನ್ನೂ, ಮರುದಿನ ಕಬಿನಿಯ ಹೆಗ್ಗಡದೇವನಕೋಟೆಯನ್ನೂ ಸಂದರ್ಶಿಸುತ್ತ ದಿನಕ್ಕೆ 150 ಕಿಲೋಮೀಟರು ಸವೆಸಬೇಕಾದ ನನ್ನಂತಹ ಬಡ ಪ್ರತಿನಿಧಿಗೆ, ಹಳೆಯ ಕಾರೊಂದನ್ನು ಆರಿಸುವುದು ಕನ್ಯಾನ್ವೇಷಣೆಗಿಂತಲೂ ಕಠಿಣವಾದ ಕಾರ್ಯವೆಂಬುದು ಅನುಭವದಿಂದಲೇ ವೇದ್ಯವಾಯಿತು.

ಮೊದಲು ನೋಡಿದ ವಾಹನದ ಮೀಟರು 42,000 ಎಂದು ಸಾರುತ್ತಿದ್ದರೂ, ಅದರ ಕ್ಲಚ್ ಪೆಡಲಿನ ರಬ್ಬರು ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. “ಡಾಕ್ಟ್ರ ಗಾಡಿ ಸಾರ್, ಮನೆಗೂ ಆಸ್ಪತ್ರೆಗೂ ಅಷ್ಟೇ ಓಡಿರೋದು,” ಎಂದ ದಲ್ಲಾಳಿ. ಸೀಟಿನಡಿಯಲ್ಲಿ ಹಿಡಿತುಂಬ ಹೊಗೆಸೊಪ್ಪಿನ ಪುಡಿ ದೊರೆಯಿತು. ವೈದ್ಯಮಹಾಶಯರು ಅದನ್ನು ಯಾವ ವ್ಯಾಧಿಗೆ ಪ್ರಯೋಗಿಸುತ್ತಿದ್ದರೋ ಕಾಣೆ.

ಅನಂತರ ಮೇಸ್ತ್ರಿಯೊಬ್ಬನನ್ನು ಪುರೋಹಿತನಂತೆ ಜೊತೆಗೆ ಕರೆದೊಯ್ದೆ. “ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಸಾರ್. ನೀಲಿ ಹೊಗೆ ಬಂದ್ರೆ ಆಯಿಲ್ ಕುಡೀತಿದೆ ಅಂತ. ಮೀಟರ್ ನಂಬಬೇಡಿ, ಸರ್ವಿಸ್ ಪುಸ್ತಕ ನೋಡಿ,” ಎಂಬುದು ಆತನ ಉಪದೇಶಸಾರ. ಕಡೆಗೆ ಆತನ ಮನಸ್ಸಿಗೆ ಬಂದದ್ದು ಕೆಎ 45 ಎಂಬ ಹುಣಸೂರಿನ ಮುದ್ರೆಯನ್ನೇ ಧರಿಸಿದ್ದ ಮಾರುತಿಯ ಡೀಸೆಲ್ ಡಿಜೈರ್. 1248 ಸಿಸಿಯ ಅದರ ಇಂಜಿನ್ನು ಮೂಲತಃ ಇಟಲಿಯ ಫಿಯಟ್ ಗೋತ್ರದ್ದು. ಮಾರುತಿಯವರು 2020ರಲ್ಲಿ ಡೀಸೆಲ್ ಕಾರುಗಳಿಗೇ ಸನ್ಯಾಸ ಕೊಡಿಸಿದರೂ, ಬಿಡಿಭಾಗಗಳೂ ಅದರ ಮರ್ಮವನ್ನರಿತ ಕೈಗಳೂ ಇನ್ನೂ ಊರೂರಿನಲ್ಲಿವೆ. ಮೀಟರು 1,18,000 ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡಿತ್ತು. ಆ ಸತ್ಯಸಂಧತೆಗೇ ನಾನು ಮಾರುಹೋದೆನು.

ನಾಲ್ಕು ಚಕ್ರಗಳಿಗೂ ನಿಂಬೆಹಣ್ಣನ್ನಿಟ್ಟು ಪೂಜೆ ಮಾಡಿಸುತ್ತಿರುವಾಗ ಮೇಸ್ತ್ರಿ ಡಿಕ್ಕಿಯನ್ನು ತೆರೆದು, ಬೋಳಾದ ಐದನೆಯ ಚಕ್ರವನ್ನು ನೇವರಿಸುತ್ತ, “ಸ್ಟೆಪ್ನಿಗೂ ಒಂದು ಇಡಿ ಸಾರ್,” ಎಂದನು.