ಕೂಸು ದತ್ತಕಕ್ಕೈತಿ

ಶನಿವಾರ ರಾತ್ರಿ ಪುಣೆ ಬಸ್ಸಿನಿಂದ ನಿಪ್ಪಾಣಿಯಲ್ಲಿ ಇಳಿಯುವ ಈ ಚಿಕ್ಕೋಡಿ ಹುಡುಗನ ಹೆಗಲಲ್ಲಿ ಲ್ಯಾಪ್‌ಟಾಪ್, ಮುಖದಲ್ಲಿ ಮಗಳಿಗೆ ವರ ಸಿಗದ ಅಪ್ಪನ ಕಳೆ. ಅವನದೇ ಇನ್ನೂ ಮದುವೆಯಾಗಿಲ್ಲ. ಚಿಂತೆಯೆಲ್ಲ ಕಾಲೇಜಿನಲ್ಲಿದ್ದಾಗ ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟ ತಂತ್ರಾಂಶದ್ದು. ಮುಟ್ಟಿ ವರ್ಷಗಳಾದವು, ಈಗ ಅದಕ್ಕೊಬ್ಬ ವಾರಸುದಾರ ಬೇಕು.

ಕೂಸಿನ ಕೆಲಸ ಸಣ್ಣದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಹೊರಳಿಸುವುದು. ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರವಾದ ಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಅರ್ಜಿ' ಒಳಹೋಗಿ 'ಅಜಿರ್' ಆಗಿ ಹೊರಬಿದ್ದರೆ ರಾಯಬಾಗದ ಝೆರಾಕ್ಸ್ ಅಂಗಡಿಯವನ ಫೋನು ಬಂತೆಂದೇ ಲೆಕ್ಕ.

"ಅಣ್ಣಾರ, ನಿಮ್ ಸಾಫ್ಟ್‌ವೇರ್ ಕೆಟ್ಟೈತ್ರಿ."

"ಕೋಡ್ ಎಲ್ಲಾ ಬಿಚ್ಚಿ ಇಟ್ಟೀನಲ್ಲ ತಮ್ಮಾ, ನೀನ ವಹಿಸ್ಕೊ."

"ಬೇಕಾದ್ರ ರೊಕ್ಕ ಕೊಡ್ತೀನ್ರಿ. ಅದೊಂದು ಉಸಾಬರಿ ಬ್ಯಾಡ್ರಿ."

ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ನೋಡುವವರಿಲ್ಲದ ತಂತ್ರಾಂಶವನ್ನು 'ಅನಾಥ' ಎಂದೇ ಕರೆಯುತ್ತಾರೆ, ವಹಿಸಿಕೊಂಡರೆ 'ದತ್ತು' ಪಡೆದಂತೆ. ದತ್ತಕದ ವ್ಯವಹಾರದಲ್ಲಿ ಬೆಳಗಾವಿ ಜಿಲ್ಲೆಯವರು ಹುಷಾರು. ಕಿತ್ತೂರಿನ ದತ್ತಕ ಒಪ್ಪದ ಥ್ಯಾಕರೆ ಸಾಹೇಬನ ಗತಿ 1824ರಲ್ಲಿ ಏನಾಯಿತೆಂದು ಇಲ್ಲಿನ ಶಾಲೆ ಹುಡುಗರನ್ನು ಕೇಳಿದರೂ ಹೇಳುತ್ತಾರೆ.

ಇವನ ಕೂಸನ್ನು ಮಾತ್ರ ಎಲ್ಲರೂ ಎತ್ತಿ ಮುದ್ದಿಸುತ್ತಾರೆ, ಮನೆಗೆ ಒಯ್ಯುವವರಿಲ್ಲ. ಅಥಣಿಯ ವಿದ್ಯಾರ್ಥಿ ಸರ್ಟಿಫಿಕೇಟ್ ಸಿಗುತ್ತದೆಯೇ ಎಂದ. ಕಾಗವಾಡದ ದೋಸ್ತ ಕಬ್ಬಿನ ಹಂಗಾಮು ಮುಗಿಯಲಿ ಎಂದ. ಎರಡು ಹಂಗಾಮು ಮುಗಿದವು.

ಕೊನೆಗೊಬ್ಬ, ಕೇಳುವ ಮೊದಲೇ ಕೈಯೆತ್ತಿದ. ಇಂಗ್ಲಿಷಿನಲ್ಲಿ ಒಂದು ಇಮೇಲು, ಊರಿಲ್ಲ, ಮುಖವಿಲ್ಲ. ಕೀಲಿಕೈ ಇವತ್ತೇ ಕೊಡಿ ಎಂಬ ಅವಸರ ಬೇರೆ. ಇವನ ಎದೆ ಧಸಕ್ಕೆಂದಿತು. ಎಕ್ಸ್‌ಝಡ್ ಕಥೆ ಗೊತ್ತಿದ್ದವರಿಗೆ ಹಾಗೇ ಆಗುತ್ತದೆ. ಫಿನ್ಲೆಂಡಿನ ಲಾಸ್ಸೆ ಕಾಲಿನ್ ಒಬ್ಬನೇ ಸಂಬಾಳಿಸುತ್ತಿದ್ದ, ಕಡತ ಕುಗ್ಗಿಸುವ ಸಾಧನ ಅದು. ಆತ ದಣಿದಿದ್ದಾಗ 'ಜಿಯಾ ಟಾನ್' ಹೆಸರಿನವನೊಬ್ಬ ನೆರವಿಗೆ ಬಂದ. ವರ್ಷಗಟ್ಟಲೆ ಒಳ್ಳೆಯ ಅಳಿಯನಂತೆ ದುಡಿದು ಮನೆಯ ಕೀಲಿಕೈ ಪಡೆದ, 2024ರಲ್ಲಿ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಕೊರೆದ. ಅದೇ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದಕ್ಕೆ ಗುಟ್ಟು ಹೊರಬಿತ್ತು. ಚಿಕ್ಕೋಡಿ ಬಸ್ಸು ಅರ್ಧ ತಾಸು ತಡವಾದರೂ ಯಾರೂ ಕೆದಕುವುದಿಲ್ಲ, ಇರಲಿ.

ಹುಡುಗ ಬೀಗರ ಮರ್ಯಾದೆಯಲ್ಲೇ ವಿಚಾರಿಸಿದ: ತಮ್ಮದು ಯಾವೂರು, ಮೊದಲು ಏನೇನು ಬರೆದಿದ್ದೀರಿ, ಅರ್ಕಾವತ್ತು ಅಂದರೆ ಗೊತ್ತೇ? ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಭಾನುವಾರ ರಾತ್ರಿ ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ತೊಡೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಾನೇ ಕುಳಿತ. 'ಅಜಿರ್' ಹೋಗಿ 'ಅರ್ಜಿ' ಬರುವಷ್ಟರಲ್ಲಿ ಒಂದು ಬಸ್ಸು ತಪ್ಪಿತ್ತು. ರಾಯಬಾಗಕ್ಕೆ ಫೋನು ಹಚ್ಚಿದ.

"ಈಗ ನೋಡು ತಮ್ಮಾ."

"ಚಲೋ ಆತ್ರಿ ಅಣ್ಣಾರ. ಹಂಗ ಆ ಇಂಗ್ಲಿಷ್ ಅಂಕಿ ಅದಾವಲ್ರಿ, ಅವನ್ನೂ ಕನ್ನಡ ಮಾಡಿಬಿಡ್ರಿ."